ಸದ್ದಿಲ್ಲವೆಂದರೆ ನಿಲ್ಲು

ಕ್ವಾರ್ಟರ್ಸ್, ಹಿಂದಿನ ಸಾಲು
ಮಾರ್ಚ್ ೧೧

ನನ್ನ ಪುಟ್ಟಿಗೆ,

ನಿನ್ನ ಪತ್ರ ಬಂತು. ಓದಿ ಮಡಚಿಟ್ಟೆ. ನಾನು ಹೆತ್ತವಳೇ ಇದನ್ನು ಬರೆದಳಾ ಅಂತ ಮತ್ತೆ ತೆಗೆದು ಓದಿದೆ. ಮೊದಲು ಆಶೀರ್ವಾದ, ಆಮೇಲೆ ಬೈಗುಳ. ಎರಡನ್ನೂ ತೆಗೆದುಕೋ.

ಕಂಪನಿಯವರು ನನ್ನ ಕಿವಿ ಪರೀಕ್ಷೆಗೆ ನಿಮ್ಮ ಆಸ್ಪತ್ರೆಗೇ ಕಳಿಸುತ್ತಿದ್ದಾರೆ, ಯಂತ್ರದ ಮುಂದೆ ಕೂರುವವಳು ನೀನೇ, ಗೆರೆಯನ್ನು ಸ್ವಲ್ಪ ಆಚೀಚೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ, ಕಿವಿ ಚೆನ್ನಾಗಿದೆ ಅಂತ ಬರೆದುಕೊಡುತ್ತೀಯ, ನಾನು ಸುಮ್ಮನೆ ಬಂದು ಕೂತರೆ ಸಾಕು. ಇಷ್ಟು ತಾನೇ ನೀನು ಬರೆದದ್ದು? ಸುಮ್ಮನೆ ಬಂದು ಕೂರುವುದು ನನ್ನ ಜಾಯಮಾನವಲ್ಲ ಕಣೇ. ಗೆರೆ ಎಲ್ಲಿದೆಯೋ ಅಲ್ಲೇ ಎಳಿ.

ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಪಕ್ಕದಲ್ಲಿ ನಿಂತು ಕೂಗಿದರೆ ಯಾರೋ ಗೋಡೆಯಾಚೆ ಗೊಣಗಿದಷ್ಟು ಕೇಳಿಸುತ್ತದೆ. ಫೋನು ಕೆಟ್ಟಿದೆ, ಸಿಗ್ನಲ್ ಸಿಗುತ್ತಿಲ್ಲ, ಗಾಳಿ ಜಾಸ್ತಿ ಅಂತೆಲ್ಲ ಹೇಳಿ ನಿನಗೆ ಕಾಗದ ಬರೆಯುವ ಚಟ ಹತ್ತಿಸಿದೆನಲ್ಲ, ಆ ಫೋನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಕೆಟ್ಟಿದ್ದು ನಾನು. ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಕೆಲಸ ಬಿಟ್ಟು ಬಾ ಅಂತ ಪ್ರಾಣ ತಿನ್ನುತ್ತಿದ್ದೆ.

ಕೊರೆಯುವ ಯಂತ್ರದ ಪಕ್ಕದಲ್ಲಿ ಬದುಕು ಸವೆಸಿದವರಲ್ಲಿ ಯಾರ ಕಿವಿ ಉಳಿದಿದೆ ಹೇಳು? ಅದು ನನ್ನ ತಪ್ಪೂ ಅಲ್ಲ, ನನಗೆ ಅವಮಾನವೂ ಅಲ್ಲ. ಕಂಪನಿ ನನ್ನ ಕಿವಿ ತಿಂದು ತೇಗಿದೆ. ಈಗ ತಿಂದವರೇ ಬಂದು ‘ನಿನಗೆ ಕಿವಿಯೇ ಇಲ್ಲವಲ್ಲಮ್ಮ’ ಅನ್ನುತ್ತಿದ್ದಾರೆ. ನೀನು ಕಿವಿ ಚೆನ್ನಾಗಿದೆ ಅಂತ ಬರೆದರೆ ಅವರ ಎಂಜಲು ಬಾಯಿಯನ್ನು ನೀನೇ ತೊಳೆದುಕೊಟ್ಟ ಹಾಗಾಗುತ್ತದೆ.

ಸುರಂಗದೊಳಗೆ ನೀನು ಕಾಲಿಟ್ಟವಳಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಗುಡ್ಡದ ಹೊಟ್ಟೆ ಸೀಳಿ ಆಚೆ ಕಡೆಗೆ ನೀರು ಸಾಗಿಸುವ ಸುರಂಗ ಇದು. ಹೊರಗಿನ ಬಾಯಿಯಿಂದ ಒಳಗಿನ ತುದಿಯವರೆಗೆ ಹಳಿ ಹಾಕಿದ್ದಾರೆ. ಹಳಿ ಒಳಮುಖವಾಗಿ ಇಳಿಜಾರು. ಬಾಯಿಯಲ್ಲಿ ವಿಂಚ್ ಇದೆ. ವಿಂಚಿನವನು ಹಗ್ಗ ಬಿಟ್ಟರೆ ಟ್ರಾಲಿ ಒಳಗೆ ಇಳಿಯುತ್ತದೆ, ಎಳೆದರೆ ಕಲ್ಲು ಹೊತ್ತು ಮೇಲೆ ಬರುತ್ತದೆ. ನಡುವೆ ಒಂದು ತಿರುವು. ಒಳಗಿರುವವರಿಗೆ ಬಾಯಿ ಕಾಣದು, ಬಾಯಿಯಲ್ಲಿರುವವರಿಗೆ ಒಳಗು ಕಾಣದು. ಇಬ್ಬರ ನಡುವೆ ಇರುವುದು ಗೋಡೆಗುಂಟ ಹೋಗುವ ಗಾಳಿ ಪೈಪು ಒಂದೇ. ಒಳಗಿನವರು ಅದಕ್ಕೆ ಸುತ್ತಿಗೆಯಿಂದ ಮೂರು ಏಟು ಕೊಟ್ಟರೆ ‘ಟ್ರಾಲಿ ಬಿಡು’, ಎರಡು ಕೊಟ್ಟರೆ ‘ಎಳಿ’, ಬಿಡದೆ ಬಡಿದರೆ ‘ಅಪಾಯ, ನಿಲ್ಲಿಸು’.

ಆದರೆ ಸದ್ದು ಹೊರಟ ಬಲದಲ್ಲೇ ತಲುಪುವುದಿಲ್ಲ. ಪೈಪಿನ ತುಂಡುಗಳು ಸೇರುವ ಕಡೆಯೆಲ್ಲ ರಬ್ಬರ್ ವಾಷರ್ ಇದೆ, ಒಂದೊಂದು ವಾಷರೂ ಒಂದೊಂದು ತುತ್ತು ತಿನ್ನುತ್ತದೆ. ಕೆಸರಿನಲ್ಲಿ ಹೂತಿರುವ ಕಡೆ ಕೆಸರು ತಿನ್ನುತ್ತದೆ. ಬಂಡೆಗೆ ತಾಗಿದ ಕಡೆ ಬಂಡೆ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಜೋರಾಗಿ ಬಾರಿಸಿದರೆ ಆಯಿತಲ್ಲ ಅಂತೀಯ. ಇನ್ನೊಂದಿಷ್ಟು ದೂರ ಹೋಗುತ್ತದೆ ಅಷ್ಟೇ, ಅದೂ ಒಂದರ ಮೇಲೊಂದು ಬಿದ್ದು ಮೂರು ಏಟೋ ನಾಲ್ಕೋ ಗೊತ್ತಾಗದ ಹಾಗೆ ಕಲಸಿಹೋಗುತ್ತದೆ. ಅದಕ್ಕೇ ತಿರುವಿನಲ್ಲಿ ಒಬ್ಬರು ಕೂರಬೇಕು. ಒಳಗಿನಿಂದ ಸೋತು ಬಂದ ಏಟನ್ನು ಹಿಡಿದು, ಹೊಸ ಬಲ ಕೊಟ್ಟು, ಮುಂದಿನ ಪೈಪಿಗೆ ದಾಟಿಸಬೇಕು. ಬಂದದ್ದನ್ನು ಕೊಡಬೇಕು, ಬಾರದ್ದನ್ನು ಕೊಡಬಾರದು. ಆ ಕೆಲಸ ನನ್ನದು. ಇಲ್ಲಿ ಎಲ್ಲರೂ ನನ್ನನ್ನು ತಿರುವಿನಕ್ಕ ಅನ್ನುವುದು ಅದಕ್ಕೇ.

ನಮ್ಮ ಅಹವಾಲುಗಳ ಗತಿಯೂ ಇದೇ ಕಣೇ. ಒಳಗೆ ಒಬ್ಬ ‘ಸಾಯ್ತಿದ್ದೀವಿ’ ಅಂತ ಕೂಗಿದರೆ, ಮೇಸ್ತ್ರಿ ಹತ್ತಿರ ಅದು ‘ಸ್ವಲ್ಪ ತೊಂದರೆಯಂತೆ’ ಆಗುತ್ತದೆ, ಸೂಪರ್‌ವೈಸರ್ ಹತ್ತಿರ ‘ಗೊಣಗ್ತಾರೆ ಸಾರ್’ ಆಗುತ್ತದೆ, ಮೇಲಿನ ಕೋಣೆ ತಲುಪುವ ಹೊತ್ತಿಗೆ ‘ಎಲ್ಲ ಚೆನ್ನಾಗಿದೆ’. ನಡುವೆ ಎಷ್ಟು ರಬ್ಬರ್ ವಾಷರುಗಳು!

ಕಿವಿಯಿಲ್ಲದವಳು ಏಟು ಹಿಡಿಯುವುದು ಹೇಗೆ ಅಂತ ನೀನು ಕೇಳುತ್ತೀಯ, ಅವರೂ ಕೇಳುತ್ತಾರೆ. ಅಂಗೈಯಿಂದ. ಪೈಪಿನ ಮೇಲೆ ಅಂಗೈ ಒತ್ತಿ ಕೂತರೆ ಒಳಗಿನ ಏಟು ಮೊದಲು ಕಿರುಬೆರಳ ಬುಡಕ್ಕೆ ಬರುತ್ತದೆ. ಕೊರೆಯುವ ಯಂತ್ರ ನಡೆಯುವಾಗ ಪೈಪು ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತಿರುತ್ತದೆ. ಏಟು ಬಂದಾಗ ಆ ಇರುವೆಗಳೆಲ್ಲ ಒಮ್ಮೆ ಬೆಚ್ಚುತ್ತವೆ. ಕಿವಿ ಚೆನ್ನಾಗಿರುವವರಿಗೆ ಆ ಗಲಾಟೆಯಲ್ಲಿ ಏಟು ಕೇಳಿಸುವುದೇ ಇಲ್ಲ.

ಇನ್ನು ಅಪಘಾತವಾದ ದಿನದ ವಿಷಯ. ಈಚೆಗೆ ಮೇಸ್ತ್ರಿಗೆ ವಯರ್‌ಲೆಸ್ ಕೊಟ್ಟಿದ್ದಾರೆ. ನೇರ ದಾರಿಯಲ್ಲಿ ಅದು ಗಿಳಿಯ ಹಾಗೆ ಮಾತಾಡುತ್ತದೆ, ತಿರುವು ದಾಟಿದರೆ ಬಂಡೆ ಅದನ್ನು ನುಂಗಿ ಸುಮ್ಮನಾಗುತ್ತದೆ. ಒಳಗೆ ನಿಮ್ಮಪ್ಪನ ತಂಡ ಹಳಿ ಮೇಲೆ ಬಿದ್ದ ಕಲ್ಲು ತೆಗೆಯುತ್ತಿತ್ತು. ಮೇಸ್ತ್ರಿ ಬಾಯಿಯಲ್ಲಿ ನಿಂತು ವಯರ್‌ಲೆಸ್‌ನಲ್ಲಿ ‘ಹಳಿ ಮೇಲೆ ಯಾರಾದ್ರೂ ಇದ್ದೀರೇನ್ರೋ’ ಅಂತ ಕೇಳಿದನಂತೆ. ಉತ್ತರ ಬರಲಿಲ್ಲ. ‘ಯಾರೂ ಇಲ್ಲ, ಬಿಡು’ ಅಂದನಂತೆ. ಟ್ರಾಲಿ ನನ್ನ ಮುಂದೆಯೇ ಹಾದು ಹೋಯಿತು. ಹಳಿ ನಡುಗುವುದು ಗೊತ್ತಾಗಿ ಒಳಗಿನವರು ಪೈಪು ಬಡಿದರು. ಬಡಿದರು ಅಂದರೆ, ಬಾಗಿಲು ಒಡೆಯುವವರ ಹಾಗೆ. ನಾನು ಅಷ್ಟನ್ನೂ ಮುಂದಕ್ಕೆ ಬಡಿದೆ. ಟ್ರಾಲಿ ನಿಂತಿತು, ನಿಮ್ಮಪ್ಪನ ಕಾಲ ಮೇಲೆ ಹತ್ತಿದ ಮೇಲೆ.

ಇಲಾಖೆಯವರು ವಿಚಾರಣೆಗೆ ಬರುತ್ತಾರೆ. ಈಗ ಕಂಪನಿಯ ವಾದ: ಒಳಗಿನಿಂದ ಸಂಕೇತವೇ ಬರಲಿಲ್ಲ. ಬಂದಿದ್ದರೂ ತಿರುವಿನ ಕಿವುಡಿ ದಾಟಿಸಲಿಲ್ಲ. ಆ ಮನುಷ್ಯ ಅಪ್ಪಣೆಯಿಲ್ಲದೆ ಹಳಿ ಹತ್ತಿದ್ದ, ತಪ್ಪು ಅವನದೇ. ಹಾಗೆ ಬರೆದುಬಿಟ್ಟರೆ ಅವನಿಗೆ ಚಿಕಿತ್ಸೆಯೂ ಇಲ್ಲ, ಕೆಲಸವೂ ಇಲ್ಲ, ಕಾಲಂತೂ ಇಲ್ಲ.

ಕಂಪನಿಯ ಸೇಫ್ಟಿ ಸಾಹೇಬರು ನನ್ನನ್ನು ಕರೆಸಿ, ಹೆಂಡತಿಯಾದವಳು ಗಂಡನ ಪರವಾಗಿ ಹೇಳದೆ ಇನ್ನೇನು ಹೇಳುತ್ತಾಳೆ ಅಂತ ನಕ್ಕರು, ತುಟಿ ಓದುವುದು ನನಗೆ ಬರುತ್ತದೆ. ನಾನೂ ನಕ್ಕೆ. ಸಾಹೇಬರೇ, ಮುಷ್ಕರದಲ್ಲಿ ನಾವೆಲ್ಲ ಹೊರಗೆ ಕೂತಿದ್ದಾಗ ಎಲ್ಲರಿಗಿಂತ ಮೊದಲು ನಿಮ್ಮ ಕಾಗದಕ್ಕೆ ಸಹಿ ಹಾಕಿ ಒಳಗೆ ಹೋದವನು ಅವನು, ಅವತ್ತಿನಿಂದ ಅವನ ಜೊತೆ ನನಗೆ ಮಾತಿಲ್ಲ ಕಥೆಯಿಲ್ಲ, ಅವನು ಒಂಟಿ ಗಂಡಸರ ಶೆಡ್ಡಿನಲ್ಲಿ ಬೇಯಿಸಿಕೊಳ್ಳುತ್ತಾನೆ, ನಾನು ಇಲ್ಲಿ. ಸುಳ್ಳು ಹೇಳುವ ಹಾಗಿದ್ದರೆ ಅವನ ವಿರುದ್ಧ ಹೇಳಿ ಹಬ್ಬ ಮಾಡುತ್ತಿದ್ದೆ ಅಂದೆ. ಸಾಹೇಬರಿಗೆ ನಗು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವನು ಹೇಡಿ. ಆದರೆ ಏಟು ಹೊಡೆದದ್ದು ನಿಜ. ಹೇಡಿಯ ಕಾಲೂ ಕಾಲೇ.

ಗುರುವಾರ ಬರುತ್ತೇನೆ. ನಿಜ ಬರಿ. ಇಲ್ಲದಿದ್ದರೆ ನಿನ್ನ ಯಂತ್ರದ ಮುಂದೆಯೇ ನಿನ್ನ ಕಿವಿ ಹಿಂಡುತ್ತೇನೆ.

ನಿನ್ನ ಅಮ್ಮ

⁂

ಆಸ್ಪತ್ರೆ, ಮೂರನೇ ಮಹಡಿ
ಮಾರ್ಚ್ ೧೭

ಅಮ್ಮನಿಗೆ,

ಕಿವಿ ಹಿಂಡಿಸಿಕೊಳ್ಳದೆ ಪಾರಾದ ಮಗಳ ನಮಸ್ಕಾರ.

ನೀನು ಬೈದದ್ದು ಸರಿ. ಆದರೆ ನನ್ನದೂ ಒಂದಿಷ್ಟು ಬೈಗುಳ ಬಾಕಿ ಇದೆ. ದಿನವಿಡೀ ಊರಿನವರ ಕಿವಿ ನೋಡುವವಳು ನಾನು. ನನ್ನ ತಾಯಿಯ ಕಿವಿ ಹೋದದ್ದು ನನಗೆ ಕಂಪನಿಯ ಕಾಗದದಿಂದ ತಿಳಿಯಬೇಕಾಯಿತು. ಅಲ್ಲಿಯವರೆಗೆ ನಾನು ಫೋನಿಗೆ ಶಾಪ ಹಾಕುತ್ತಿದ್ದೆ. ಒಳಗಿನಿಂದ ಬಂದದ್ದನ್ನೆಲ್ಲ ದಾಟಿಸುವವಳು ತಾನು ಅಂತ ಎದೆ ತಟ್ಟಿಕೊಳ್ಳುತ್ತೀಯಲ್ಲ, ಮಗಳಿಗೆ ಮಾತ್ರ ಯಾಕೆ ದಾಟಿಸಲಿಲ್ಲ? ಇದಕ್ಕೆ ಉತ್ತರ ಬರಿ. ಬರೆಯದಿದ್ದರೆ ಬಿಡುವುದಿಲ್ಲ.

ಅವತ್ತು ಗಾಜಿನ ಕೋಣೆಯಲ್ಲಿ ಕೂತಿದ್ದ ನಿನಗೆ ಹೊರಗಿನ ನನ್ನ ಮುಖ ಕಾಣದಿರಲಿ ಅಂತ ಗಾಜಿನ ಮೇಲರ್ಧಕ್ಕೆ ಪರದೆ ಎಳೆದಿದ್ದೆ. ಕೇಳಿಸಿದಾಗ ಒತ್ತು ಅಂತ ಗುಂಡಿ ಕೊಟ್ಟೆನಲ್ಲ, ನಾನು ಸದ್ದು ಏರಿಸುತ್ತಾ ಹೋದೆ, ಪಕ್ಕದ ಕೋಣೆಯವರು ತಿರುಗಿ ನೋಡುವಷ್ಟು ಏರಿಸಿದೆ. ನಿನ್ನ ಬೆರಳು ಅಲ್ಲಾಡಲಿಲ್ಲ. ಬೇರೆಯವರಾದರೆ ಗಾಬರಿಯಾಗಿ ಸುಮ್ಮಸುಮ್ಮನೆ ಒತ್ತುತ್ತಾರೆ. ನೀನು ಒತ್ತಲಿಲ್ಲ. ಬಾರದ್ದನ್ನು ಕೊಡಬಾರದು ಅಂತ ನಿನ್ನ ಕಾಗದದಲ್ಲಿ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಇಡುವ ಪುಟ್ಟ ಅದುರುವ ಯಂತ್ರವನ್ನು ನಿನ್ನ ಅಂಗೈ ಮೇಲಿಟ್ಟೆನಲ್ಲ, ಅದು ನಮ್ಮ ಪರೀಕ್ಷೆಯಲ್ಲಿ ಇಲ್ಲದ್ದು. ನಾನೇ ಮಾಡಿದ್ದು. ಅದು ಅದುರಿದಾಗೆಲ್ಲ ನೀನು ಗುಂಡಿ ಒತ್ತಿ, ‘ಇದೇನು ಆಟವೇನೇ’ ಅನ್ನುವ ಹಾಗೆ ಗುರಾಯಿಸಿದೆ. ನಮ್ಮ ದೊಡ್ಡ ಡಾಕ್ಟರು ಹಿಂದೆ ನಿಂತು ನೋಡಿದರು. ತಾಯಿಯ ವರದಿಗೆ ಮಗಳ ಸಹಿ ಬೇಡ ಅಂತ ತಾವೇ ಸಹಿ ಹಾಕಿದರು. ಕಿವಿ ಇಲ್ಲ ಅಂತ ಬರೆದಿದ್ದಾರೆ, ಅಂಗೈ ವಿಷಯವನ್ನೂ ಕೆಳಗೆ ಸೇರಿಸಿದ್ದಾರೆ. ಆ ಕೊನೆಯ ಸಾಲು ತೆಗೆಯಿರಿ ಅಂತ ಕಂಪನಿಯವರು ಕೇಳಿದರಂತೆ. ಬೇಕಾದರೆ ಬೇರೆ ಆಸ್ಪತ್ರೆಗೆ ಹೋಗಿ ಅಂದರಂತೆ ಡಾಕ್ಟರು.

ಅಮ್ಮ, ಇದರ ನಡುವೆ ನನಗೊಂದು ವಿಷಯ ಹೊಳೆಯಿತು. ನಮ್ಮ ಪರೀಕ್ಷೆಯಲ್ಲಿ ಗುಂಡಿ ಒತ್ತದಿದ್ದರೆ ‘ಕೇಳಿಸಲಿಲ್ಲ’ ಅಂತ ಬರೆಯುತ್ತೇವೆ. ‘ಒತ್ತಲಿಲ್ಲ, ಆದ್ದರಿಂದ ಕೇಳಿಸಿರಬೇಕು’ ಅಂತ ಯಾವ ಮೂರ್ಖನೂ ಬರೆಯುವುದಿಲ್ಲ. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ನಾನು ಹೇಳುವ ಮೊದಲ ಮಾತೇ ಅದು: ಆ ಕಡೆಯಿಂದ ಉತ್ತರ ಬರಲಿಲ್ಲವೆಂದರೆ ನಿನಗೆ ಏನೂ ಗೊತ್ತಿಲ್ಲ ಅಂತಲೇ ಅರ್ಥ. ನಿಮ್ಮ ಮೇಸ್ತ್ರಿ ಮಾಡಿದ್ದು ಏನು? ಉತ್ತರ ಬರಲಿಲ್ಲ, ಆದ್ದರಿಂದ ಯಾರೂ ಇಲ್ಲ ಅಂದ.

ಸುತ್ತಿಗೆ ಏಟಿನ ಕಾಲದಲ್ಲಿ ನಿಮ್ಮಲ್ಲಿ ಹೇಗಿತ್ತು? ಮೂರು ಏಟು ಬಂದರೆ ತಾನೇ ಟ್ರಾಲಿ ಬಿಡುತ್ತಿದ್ದರು? ಬಾರದಿದ್ದರೆ ನಿಂತೇ ಇರುತ್ತಿತ್ತಲ್ಲ? ವಯರ್‌ಲೆಸ್ ಬಂದ ಮೇಲೆ ಅದು ತಲೆಕೆಳಗಾಗಿದೆ. ಅದನ್ನು ಯಾವಾಗ, ಯಾರು ಬದಲಾಯಿಸಿದರು? ವಿಚಾರಣೆಯಲ್ಲಿ ಅವರು ನಿನ್ನ ಕಿವಿಯ ಸುತ್ತಲೇ ತಿರುಗುತ್ತಾರೆ. ತಿರುಗಲಿ ಬಿಡು. ನೀನು ಇದನ್ನು ಹಿಡಿ.

ಅಪ್ಪನನ್ನು ನೋಡಲು ನಿಮ್ಮ ಕಂಪನಿ ಆಸ್ಪತ್ರೆಗೆ ಭಾನುವಾರ ಬಂದಿದ್ದೆ. ಕಾಲು ಉಳಿಯುತ್ತದೆ, ಆದರೆ ಮಡಚಲು ಬರುವುದಿಲ್ಲವಂತೆ. ‘ನಿಮ್ಮಮ್ಮ ಏನಂತಾಳೆ’ ಅಂತ ಕೇಳಿದರು. ಹೇಡಿ ಅಂತಾಳೆ ಅಂದೆ. ‘ಸರಿ, ಹುಷಾರಾಗಿದ್ದಾಳೆ’ ಅಂತ ಗೋಡೆ ಕಡೆ ತಿರುಗಿದರು.

ನಿನ್ನ ಪುಟ್ಟಿ

⁂

ಕ್ವಾರ್ಟರ್ಸ್
ಏಪ್ರಿಲ್ ೨

ನನ್ನ ಕಿವಿಯ ಡಾಕ್ಟರಮ್ಮನಿಗೆ,

ನೀನು ಇನ್ನೂ ಡಾಕ್ಟರಲ್ಲ ಅಂತ ನನಗೆ ಗೊತ್ತು, ಆದರೂ ಆ ಗುಂಡಿಯ ಮಾತಿಗೆ ಈ ಬಡ್ತಿ ಕೊಟ್ಟಿದ್ದೇನೆ. ನಾನು ಅಷ್ಟು ದಿನ ‘ನಾನು ದಾಟಿಸಿದೆ, ದಾಟಿಸಿದೆ’ ಅಂತ ಬಡಿದುಕೊಳ್ಳುತ್ತಿದ್ದೆ. ಅವರು ತೋಡಿದ ಗುಂಡಿಯಲ್ಲೇ ನಿಂತು ಕಿರುಚುತ್ತಿದ್ದೆ ಅಂತ ನಿನ್ನ ಕಾಗದ ಓದಿದ ಮೇಲೆ ತಿಳಿಯಿತು.

ನಿನ್ನ ಪ್ರಶ್ನೆಗೆ ಉತ್ತರ ಆಮೇಲೆ. ಮೊದಲು ವಿಚಾರಣೆಯ ಸುದ್ದಿ.

ಇಲಾಖೆಯಿಂದ ಬಂದ ಅಧಿಕಾರಿ ಹೆಣ್ಣುಮಗಳು, ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು. ನನ್ನ ಎದುರಿಗೇ ಕೂತು ನಿಧಾನವಾಗಿ ಮಾತಾಡಿದಳು, ತುಟಿ ನೋಡಿ ಹಿಡಿದುಕೊಂಡೆ. ಸೇಫ್ಟಿ ಸಾಹೇಬರು ಮಾತ್ರ ಬೇಕಂತಲೇ ಬೆನ್ನು ತಿರುಗಿಸಿ ಮಾತಾಡಿ, ‘ನೋಡಿ, ಕೇಳಿಸ್ತಿಲ್ಲ’ ಅಂತ ನನ್ನ ಕಡೆ ಕೈ ತೋರಿಸಿದರಂತೆ. ನಮ್ಮವರು ಆಮೇಲೆ ಸನ್ನೆ ಮಾಡಿ ತಿಳಿಸಿದರು. ನಾನು ಎದ್ದು ಹೇಳಿದೆ, ನನಗೆ ಕೇಳಿಸುವುದಿಲ್ಲ ಅಂತ ವರದಿಯಲ್ಲೇ ಇದೆ, ನನ್ನ ಮಗಳು ಕೂತ ಆಸ್ಪತ್ರೆಯಿಂದಲೇ ಬಂದಿದೆ, ಬೆನ್ನು ತೋರಿಸಿ ಸರ್ಕಸ್ ಮಾಡುವ ಅಗತ್ಯವಿಲ್ಲ, ಹೇಳುವುದಿದ್ದರೆ ಮುಖಕ್ಕೆ ಹೇಳಿ.

ಅಧಿಕಾರಿ ಎಲ್ಲರನ್ನೂ ಸುರಂಗಕ್ಕೆ ಕರೆದುಕೊಂಡು ಹೋದಳು. ಒಳತುದಿಯಲ್ಲಿ ತನ್ನ ಗುಮಾಸ್ತನನ್ನು ನಿಲ್ಲಿಸಿ, ಯಾವಾಗ ಎಷ್ಟು ಏಟು ಹೊಡೆಯಬೇಕು ಅಂತ ಅವನಿಗೆ ಮಾತ್ರ ಗುಟ್ಟಾಗಿ ಹೇಳಿದ್ದಳು. ನಾನು ನನ್ನ ಜಾಗದಲ್ಲಿ ಕೂತೆ. ಒಂದಾದ ಮೇಲೊಂದು ಬಂತು, ದಾಟಿಸಿದೆ. ಬಾಯಿಯಲ್ಲಿ ಅಧಿಕಾರಿಯೇ ನಿಂತು, ಬಂದ ಏಟಿನಂತೆ ವಿಂಚ್ ನಡೆಸಿಸಿ ಬರೆದುಕೊಂಡಳು.

ಒಂದು ತಪ್ಪಿತು ಮಗಳೇ. ನಿನ್ನಿಂದ ಮುಚ್ಚಿಡುವುದೇನು? ಎರಡೂ ಕೊರೆಯುವ ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿಸಿದ್ದರು, ಪೈಪು ಇಡೀ ನಡುಗುತ್ತಿತ್ತು, ಗುಮಾಸ್ತ ಕೊನೆಗೆ ಹೊಡೆದ ಮೂರು ಏಟು ನನ್ನ ಅಂಗೈಗೆ ಬರಲೇ ಇಲ್ಲ. ಬಾರದ್ದನ್ನು ನಾನು ಕೊಡಲಿಲ್ಲ.

ಎಲ್ಲರೂ ಬಾಯಿಗೆ ಬಂದು ಲೆಕ್ಕ ತಾಳೆ ನೋಡಿದಾಗ ಸೇಫ್ಟಿ ಸಾಹೇಬರ ಮುಖ ದೀಪದ ಹಾಗೆ ಬೆಳಗಿತು. ‘ಆಯ್ತಲ್ಲ ಮೇಡಂ, ಇನ್ನೇನು ಬೇಕು? ಒಂದು ತಪ್ಪಿತು ಅಂದ್ರೆ ಒಂದು ಜೀವ’ ಅಂದರು. ನಮ್ಮವರೆಲ್ಲ ತಲೆ ತಗ್ಗಿಸಿದರು.

ಆಗ ನಿನ್ನ ಗುಂಡಿ ನೆನಪಾಯಿತು. ನಾನು ಕೇಳಿದೆ: ಸಾಹೇಬರೇ, ನನಗೆ ಆ ಮೂರು ಏಟು ಸಿಗಲಿಲ್ಲ, ಒಪ್ಪಿದೆ. ಆಗ ಟ್ರಾಲಿ ಏನು ಮಾಡಿತು?

ಎಲ್ಲರೂ ವಿಂಚಿನ ಕಡೆ ನೋಡಿದರು. ಟ್ರಾಲಿ ಅಲ್ಲೇ ಇತ್ತು. ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತು.

ಇಷ್ಟೇ ಸಾಹೇಬರೇ ನನ್ನ ಕಿವುಡಿನಿಂದ ಆಗುವ ನಷ್ಟ ಅಂದೆ. ಹಳೇ ನಿಯಮದಲ್ಲಿ ಏಟು ಬಾರದಿದ್ದರೆ ಟ್ರಾಲಿ ನಿಲ್ಲುತ್ತದೆ. ನಾನು ಕಿವುಡಿಯಾಗಲಿ, ನಿದ್ದೆ ಹೋಗಲಿ, ಸತ್ತೇ ಹೋಗಲಿ, ಟ್ರಾಲಿ ನಿಲ್ಲುತ್ತದೆ. ನಿಮಗೆ ಸ್ವಲ್ಪ ಹೊತ್ತು ಹಾಳು, ಒಳಗಿನವರಿಗೆ ಬೈಗುಳ. ನಿಮ್ಮ ಹೊಸ ನಿಯಮದಲ್ಲಿ ಸದ್ದು ಬಾರದಿದ್ದರೆ ಟ್ರಾಲಿ ಓಡುತ್ತದೆ. ಬಂಡೆ ಸದ್ದು ನುಂಗಿದರೂ ಓಡುತ್ತದೆ, ಬ್ಯಾಟರಿ ಮುಗಿದರೂ ಓಡುತ್ತದೆ, ಮಾತಾಡಬೇಕಾದವನು ಕಲ್ಲಿನಡಿ ಸಿಕ್ಕಿಕೊಂಡು ಬಾಯಿ ಬಿಡಲಾರದೆ ಬಿದ್ದಿದ್ದರೂ ಅವನ ಮೇಲೇ ಓಡುತ್ತದೆ. ಯಾರೂ ಸದ್ದು ಮಾಡುತ್ತಿಲ್ಲ ಅಂದರೆ ಎಲ್ಲರೂ ಸುಖವಾಗಿದ್ದಾರೆ ಅಂದುಕೊಳ್ಳುವುದು ನಿಮ್ಮ ಹಳೇ ಚಾಳಿ. ಅದನ್ನು ಹಳಿಯ ಮೇಲೂ ತಂದಿರಿ.

ಸಾಹೇಬರು ವಯರ್‌ಲೆಸ್ ಬಗ್ಗೆ ಇಂಗ್ಲಿಷಿನಲ್ಲಿ ಏನೋ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿದೆ. ಒಂದು ಕೆಲಸ ಮಾಡಿ ಅಂದೆ. ನೀವೇ ಒಳಗೆ ಹೋಗಿ ಹಳಿಯ ಮೇಲೆ ನಿಲ್ಲಿ. ಬಾಯಿ ಮುಚ್ಚಿಕೊಂಡು, ಕೈ ಕಟ್ಟಿಕೊಂಡು, ಸದ್ದು ಮಾಡದೆ ನಿಲ್ಲಿ. ಮೊದಲು ನನ್ನ ನಿಯಮದಲ್ಲಿ ವಿಂಚ್ ನಡೆಸೋಣ, ಆಮೇಲೆ ನಿಮ್ಮದರಲ್ಲಿ.

ಅಧಿಕಾರಿ ನಗಲಿಲ್ಲ. ಸಾಹೇಬರ ಕಡೆ ತಿರುಗಿ, ‘ಹೋಗ್ತೀರಾ?’ ಅಂತ ಕೇಳಿದಳು. ಆ ಎರಡು ತುಟಿ ಅಲ್ಲಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಾಹೇಬರು ತಲೆಯ ಮೇಲಿನ ಹೆಲ್ಮೆಟ್ಟನ್ನು ಮುಟ್ಟಿ ನೋಡಿಕೊಂಡರು, ಇದೆಯೋ ಇಲ್ಲವೋ ಅಂತ. ಹೋಗಲಿಲ್ಲ.

ಅಷ್ಟು ಹೊತ್ತು ಕಂಬದ ಹಿಂದೆ ಅವಿತಿದ್ದ ವಿಂಚಿನವನು ಮುಂದೆ ಬಂದ. ನಾವು ಡೊಳ್ಳು ಅಂತ ಕರೆಯುವವನು, ಹೊಟ್ಟೆ ನೋಡಿದರೆ ಯಾಕೆ ಅಂತ ನಿನಗೂ ತಿಳಿಯುತ್ತದೆ. ಅಪಘಾತ ಆದಾಗಿನಿಂದ ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಕೊಡ ಅಲ್ಲೇ ಬಿಟ್ಟು ಓಡುತ್ತಿದ್ದ. ಅವನ ಮೀಸೆ ತುಟಿಯನ್ನು ಪೂರ್ತಿ ಮುಚ್ಚುವುದರಿಂದ ಅವನು ಹೇಳಿದ್ದು ನನಗೆ ಆಮೇಲೆ ತಿಳಿಯಿತು. ‘ಮೇಡಂ, ಎರಡೂ ಕಿವಿಗೆ ವಯರ್‌ಲೆಸ್ಸಿನ ಹೆಡ್‌ಫೋನ್ ಹಾಕ್ಕೊಂಡೇ ಇರು, ಪೈಪಿನ ಸದ್ದಿಗೆ ಕಾಯ್ಬೇಡ ಅಂದಿದ್ದು ಮೇಸ್ತ್ರಿ. ಮೇಸ್ತ್ರಿಗೆ ಹೇಳಿದ್ದು ಈ ಸಾಹೇಬ್ರು. ಅವತ್ತು ಬೆವರು ಒರೆಸಿಕೊಳ್ಳೋಕೆ ಒಂದು ಕಿವಿ ಬಿಚ್ಚಿದೆ. ಪೈಪು ಬಡ್ಕೊಳ್ತಾ ಇತ್ತು. ಬ್ರೇಕ್ ಹಾಕಿದೆ. ಅಕ್ಕ ಬಡೀದೆ ಇದ್ದಿದ್ರೆ ನಾನ್ಯಾಕೆ ಬ್ರೇಕ್ ಹಾಕ್ತಿದ್ದೆ? ನಿಮ್ಮ ವಯರ್‌ಲೆಸ್ಸು ಗಪ್‌ಚುಪ್ ಇತ್ತು.’ ಇಷ್ಟು ಹೇಳಿ ಎಲ್ಲರ ಮುಂದೆ ಅತ್ತ. ಅತ್ತದ್ದು ಮಾತ್ರ ನನಗೆ ಕಂಡಿತು. ಹೊಟ್ಟೆ ಅಲ್ಲಾಡುತ್ತಿತ್ತು.

ಅಧಿಕಾರಿ ಅಲ್ಲೇ ಬರೆದಳು: ತಪ್ಪು ಗಾಯಗೊಂಡವನದಲ್ಲ, ಮೂರು ಏಟು ಬಾರದೆ ಟ್ರಾಲಿ ಬಿಡಕೂಡದು, ಹೆಡ್‌ಫೋನ್ ತೆಗೆಯಬೇಕು. ಒಂದು ಸಂಕೇತ ತಪ್ಪಿತಲ್ಲ, ಅದಕ್ಕೇನು ಮಾಡಬೇಕು ಅಂತ ನನ್ನನ್ನೇ ಕೇಳಿದಳು. ಒಬ್ಬಳಿಗೆ ತಪ್ಪಿತು ಅಂದರೆ ಇಬ್ಬರನ್ನು ಕೂರಿಸಿ ಅಂದೆ. ಅದನ್ನೂ ಬರೆದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ಸೋತವರು ಮನೆಗೆ ಹೋಗಿ ಮಲಗುವುದಿಲ್ಲ ಕಣೇ, ಹೊಸ ಆದೇಶ ಬರೆಯುತ್ತಾರೆ. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಒಂದು ಕಾಗದ ತಂದ. ಕಿವಿ ಇಲ್ಲದವರು ತಿರುವಿನಲ್ಲಿ ಕೂರುವಂತಿಲ್ಲ, ನನ್ನನ್ನು ಸ್ಟೋರ್ ಗುಡಿಸುವ ಕೆಲಸಕ್ಕೆ ಹಾಕಲಾಗಿದೆ, ತಿರುವಿನ ಜಾಗಕ್ಕೆ ಸದ್ಯಕ್ಕೆ ಯಾರೂ ಇಲ್ಲ. ಇಬ್ಬರು ಬೇಕು ಅಂದದ್ದಕ್ಕೆ ಸೊನ್ನೆ ಕೊಟ್ಟರು! ನಿಜ ಹೇಳಿದ್ದಕ್ಕೆ ಇದು ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ನೀನು ಗೆರೆ ತಿದ್ದಿದ್ದರೆ ಬರುತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ.

ನಾನು ಪೊರಕೆ ತೆಗೆದುಕೊಳ್ಳಲಿಲ್ಲ. ಸುರಂಗದ ಬಾಯಿಯಲ್ಲಿ ಕೂತೆ. ಷಿಫ್ಟಿಗೆ ಬಂದವರು ನನ್ನನ್ನು ನೋಡಿದರು, ಕಾಗದ ನೋಡಿದರು, ಒಬ್ಬೊಬ್ಬರೇ ನನ್ನ ಪಕ್ಕ ಕೂತರು. ಡೊಳ್ಳು ವಿಂಚ್ ಬಿಟ್ಟು ಬಂದು ಕೂತ. ಘೋಷಣೆ ಕೂಗಲಿಲ್ಲ, ಬಾವುಟ ಹಿಡಿಯಲಿಲ್ಲ. ಸಾಹೇಬರು ಬಂದು ಏನು ನಿಮ್ಮ ಬೇಡಿಕೆ ಅಂತ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಮಾತಾಡ್ರಯ್ಯಾ ಅಂದರು, ಇಲ್ಲ. ಒಪ್ಪಿಗೆ ಅಂತ ತಿಳ್ಕೊಳ್ಳಲಾ ಅಂದರು, ಆಗಲೂ ಇಲ್ಲ. ಸಾಹೇಬರು ಮೇಸ್ತ್ರಿಯ ಕಡೆ ನೋಡಿದರು, ಮೇಸ್ತ್ರಿ ಟ್ರಾಲಿಯ ಕಡೆ ನೋಡಿದ. ಅದನ್ನು ನಡೆಸಲು ಒಂದು ಕೈಯೂ ಇರಲಿಲ್ಲ.

ನಮ್ಮ ಮೌನವನ್ನು ಒಪ್ಪಿಗೆ ಅಂತ ಓದಿ ಓದಿ ಅವರಿಗೆ ರೂಢಿಯಾಗಿತ್ತು. ಮೌನ ಅಂದರೆ ಏನೂ ಅಲ್ಲಾಡುವುದಿಲ್ಲ ಅಂತ ಅವತ್ತು ಅಕ್ಷರ ಅಕ್ಷರ ಕೂಡಿಸಿ ಓದಿಸಿದೆವು. ಸಂಜೆಗೆ ಮುಂಚೆ ಕಾಗದ ವಾಪಸಾಯಿತು.

ಈಗ ತಿರುವಿನಲ್ಲಿ ಇಬ್ಬರಿದ್ದೇವೆ. ಜೊತೆಗೆ ಬಂದವಳಿಗೆ ಕಿವಿ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು. ನನಗೆ ಕೇಳಿಸದಿರುವುದು ಆ ವಿಷಯದಲ್ಲಿ ಪುಣ್ಯ.

ಇನ್ನು ನಿನ್ನ ಪ್ರಶ್ನೆ. ಮಗಳಿಗೆ ಯಾಕೆ ದಾಟಿಸಲಿಲ್ಲ? ನಿನ್ನ ದನಿ ಮೊದಲು ಸಣ್ಣದಾಯಿತು, ಆಮೇಲೆ ದೂರವಾಯಿತು, ಆಮೇಲೆ ಫೋನಿನಲ್ಲಿ ಬರ್ರೆನ್ನುವುದು ಮಾತ್ರ ಉಳಿಯಿತು. ಅದನ್ನು ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಅಷ್ಟೇ. ಇನ್ನು ಮುಂದೆ ಕಾಗದದಲ್ಲಿ ದೊಡ್ಡದಾಗಿ ಬರಿ, ನಿನ್ನ ಅಕ್ಷರ ಇರುವೆ ಸಾಲಿನ ಹಾಗಿದೆ. ಕಣ್ಣನ್ನೂ ಕಂಪನಿಗೆ ಕೊಡುವ ಇಷ್ಟ ನನಗಿಲ್ಲ.

ನಿನ್ನ ಅಮ್ಮ,
ತಿರುವಿನಕ್ಕ

ಮರೆತದ್ದು: ನಿಮ್ಮಪ್ಪನ ಜೊತೆ ಮಾತಿಲ್ಲ ಕಥೆಯಿಲ್ಲ ಅಂತ ಸಾಹೇಬರ ಮುಂದೆ ಹೇಳಿದೆನಲ್ಲ, ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಒಳತುದಿಯ ಸುತ್ತಿಗೆ ಅವನ ಕೈಯಲ್ಲಿತ್ತು. ಷಿಫ್ಟ್ ಮುಗಿದು ಟ್ರಾಲಿ ಎಳೆಯಲು ಎರಡು ಏಟು ಹೊಡೆದ ಮೇಲೆ, ಸ್ವಲ್ಪ ತಡೆದು, ಇನ್ನೊಂದು ಹೊಡೆಯುತ್ತಿದ್ದ. ಒಂದೇ ಏಟಿಗೆ ನಮ್ಮಲ್ಲಿ ಯಾವ ಅರ್ಥವೂ ಇಲ್ಲ. ಬಲು ಮೆಲ್ಲಗೆ ಹೊಡೆಯುತ್ತಿದ್ದ, ತಿರುವಿನವರೆಗೆ ಬಂದು ಅಲ್ಲೇ ಮುಗಿದುಹೋಗುವಷ್ಟು. ಆ ಏಟನ್ನು ನಾನು ಒಂದು ದಿನವೂ ಮುಂದಕ್ಕೆ ದಾಟಿಸಲಿಲ್ಲ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ರಾಜಿ ಅಂತ ತಿಳಿದು ಸಿಹಿ ಹಂಚಬೇಡ, ಮುಷ್ಕರ ಮುರಿದದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ. ಮಾತಾಡಿಸಲಿಲ್ಲ. ಮಂಚದ ಕಬ್ಬಿಣಕ್ಕೆ ಬೆರಳ ಗೆಣ್ಣಿನಿಂದ ಒಂದು ಏಟು ಕೊಟ್ಟು, ಅಂಗೈ ಇಟ್ಟು ನಿಂತೆ. ಅವನು ತಿರುಗಲಿಲ್ಲ. ಉತ್ತರ ಬಂತು.